ನೀರುಗಂಟಿಯ ಹಾಗೆ ಕೇಳುವ ಡೀನೋ

ದೊಡ್ಡಪ್ಪಾ,

ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆದರೆ ನೀನು ಬಿಡುವವನಲ್ಲ. ಯಾರ್ಯಾರು ಚೆನ್ನಾಗಿದ್ದೀರಿ, ಹೆಸರು ಹಿಡಿದು ಹೇಳು ಎನ್ನುತ್ತೀಯ. ಸರಿ, ಹೆಸರು ಹಿಡಿದೇ ಹೇಳುತ್ತೇನೆ. ದೊಡ್ಡಮ್ಮನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಮೊದಲಿಗಿಂತ ಜೋರಾಗಿದೆ. ನಾನು ಊರಿನಿಂದಲೇ ಕುಶಾಲನಗರಕ್ಕೆ ಹೋಗಿಬರುತ್ತಿದ್ದೇನೆ, ದುಬಾರೆ ಕಡೆಯ ಹೋಂಸ್ಟೇಗಳಿಗೆ ವೆಬ್‌ಸೈಟ್ ಮಾಡಿಕೊಡುವ ಅದೇ ಕೆಲಸ. ನಿನ್ನ ನಾಲೆಯ ಸುದ್ದಿ ಒಂದು ಸಾಲಿನಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೇ ಇಷ್ಟುದ್ದ ಬರೆಯಲು ಕೂತಿದ್ದೇನೆ.

ನಾನು ಸ್ಕೂಲಿಗೆ ಹೋಗುವಾಗ ನೀನು ನಾಲೆಯ ಏರಿಯ ಮೇಲೆ ಕೊಡೆ ಊರಿಕೊಂಡು ನಿಂತಿರುತ್ತಿದ್ದ ಗತ್ತು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಾರಂಗಿಯಿಂದ ಬಂದ ನೀರು ಯಾವ ಹೊತ್ತಿಗೆ ಯಾರ ಗದ್ದೆಗೆ ಹೋಗಬೇಕು ಎಂದು ನೋಡಿಕೊಳ್ಳುವ ನೀರುಗಂಟಿ ನೀನು. ತೂಬು ಎತ್ತುವ ಕಬ್ಬಿಣದ ಹಿಡಿ ಸದಾ ನಿನ್ನ ಹೆಗಲ ಮೇಲೆ. ಒಂದು ದಿನ ಅಪ್ಪ ಬಂದು "ವಸಿ ನೀರ್ ಬುಡಣ್ಣ" ಎಂದಾಗ ನೀನು "ಯಾವ ಗದ್ದೆಗೆ? ಎಷ್ಟೊತ್ತು?" ಎಂದು ಕೇಳಿದೆ. ಅಪ್ಪನಿಗೆ ರೇಗಿಹೋಯಿತು. "ಒಡಹುಟ್ದೋನ್ನೇ ಕೇಳ್ತೀಯಲ್ಲ!" ನೀನು ಒಂದಿಷ್ಟೂ ಕದಲಲಿಲ್ಲ. "ಒಡಹುಟ್ದೋನು ಅನ್ನೋದ್ ಗೊತ್ತು ಕಣೋ. ಗದ್ದೆ ಯಾವ್ದು ಅಂತ ಕೇಳ್ದೆ." ಅಪ್ಪ ಹಲ್ಲು ಕಚ್ಚಿಕೊಂಡು ಹೇಳಿದ, ನೀನು ಆ ಒಂದು ತೂಬನ್ನು ಎತ್ತಿದೆ, ಹೊತ್ತು ಮುಗಿದಾಗ ಬಂದು ಇಳಿಸಿದೆ. ಸಂಜೆ ಇಬ್ಬರೂ ಒಂದೇ ಜಗಲಿಯಲ್ಲಿ ಕೂತು ಕಾಫಿ ಕುಡಿದಿರಿ. ಬಾಯಲ್ಲಿ ಎಷ್ಟು ಜಗಳವಾಡಿದರೂ ನೀರಿನಲ್ಲಿ ನೀನು ಯಾರ ಮೇಲೂ ಸೇಡು ತೀರಿಸಿಕೊಂಡವನಲ್ಲ. ಇದನ್ನು ನಿನ್ನೆದುರು ಯಾವತ್ತೂ ಹೇಳಲಿಲ್ಲ, ಹೇಳಿದ್ದರೆ ನಿನಗೆ ತಲೆ ನಿಲ್ಲುತ್ತಿರಲಿಲ್ಲ.

ನೀನು ಹೋಗುವ ಹಿಂದಿನ ವರ್ಷ ಒಂದು ಮಧ್ಯಾಹ್ನ ನನ್ನ ಲ್ಯಾಪ್‌ಟಾಪ್ ಪಕ್ಕ ಬಂದು ಕೂತಿದ್ದೆ, ನೆನಪಿದೆಯಾ? ಪರದೆಯ ಮೇಲೆ ಮಿನುಗುವ ಸಣ್ಣ ಗೆರೆ ನೋಡಿ "ಇದ್ಯಾಕವ್ವ ನಂಗೆ ಕಣ್ಣ್ ಹೊಡೀತದೆ?" ಎಂದೆ. ಒಳಗಿನಿಂದ ದೊಡ್ಡಮ್ಮ, "ಈ ವಯಸ್ನಲ್ಲಿ ನಿಮ್ಗೆ ಕಣ್ಣ್ ಹೊಡ್ಯೋದು ಅದೊಂದೇಯ" ಎಂದಳು. ಜನ ನೋಡುವ ಪುಟದ ಹಿಂದೆ ಇನ್ನೊಂದು ಕಂಪ್ಯೂಟರಿನಲ್ಲಿ ಕೆಲಸ ನಡೆಯುತ್ತಿರುತ್ತದೆ, ಅದಕ್ಕೆ ಸರ್ವರ್ ಅನ್ನುತ್ತಾರೆ, ಅಲ್ಲಿ ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದದ್ದನ್ನು ಓಡಿಸಲು ರನ್‌ಟೈಮ್ ಅಂತ ಒಂದು ಬೇಕು ಎಂದೆಲ್ಲ ನಾನು ವಿವರಿಸಿದೆ. "ಎಲ್ಲಾನೂ ನೀನೇ ಬರೀತೀಯಾ?" ಎಂದು ನೀನು ಕೇಳಿದೆ. ಇಲ್ಲ, ಯಾರ್ಯಾರೋ ಬರೆದಿಟ್ಟ ತುಂಡುಗಳನ್ನು ತಂದು ಸೇರಿಸಿಕೊಳ್ಳುತ್ತೇನೆ ಎಂದೆ. "ಅವು ನಿನ್ ಕಂಪ್ಯೂಟ್ರೊಳಿಕೆ ಎಲ್ ಬೇಕಾದ್ರೂ ಓಡಾಡ್ಬೋದಾ?" ಓಡಾಡಬಹುದು, ಓಡಾಡಲ್ಲ ಅಂತ ನಂಬಿಕೆ ಎಂದೆ. ಎಲೆಗೆ ಸುಣ್ಣ ಸವರುತ್ತಿದ್ದವನು ಹಾಗೇ ನನ್ನ ಮುಖ ನೋಡಿದೆ. "ಮತ್ತೆ ನಿದ್ದೆ ಬತ್ತದಾ ನಿಂಗೆ?" ಬರುತ್ತಿತ್ತು ದೊಡ್ಡಪ್ಪ, ಚೆನ್ನಾಗಿಯೇ ಬರುತ್ತಿತ್ತು.

ನಿನ್ನ ತಿಥಿ ಮುಗಿದು ತಿಂಗಳಾಗುವುದರೊಳಗೆ ನಾಲೆಗೆ ನೀರು ಬಿಟ್ಟರು. ನಿನ್ನ ಜಾಗಕ್ಕೆ ಯಾರೂ ಬರಲಿಲ್ಲ. ನೀರು ಬಳಕೆದಾರರ ಸಂಘಕ್ಕೆ ಈಗ ರಾಜಣ್ಣ ಅಧ್ಯಕ್ಷ, ಒಳ್ಳೆಯವನೇ, ಆದರೆ ಎಲ್ಲರಿಂದಲೂ ಒಳ್ಳೆಯವನು ಅನ್ನಿಸಿಕೊಳ್ಳುವ ಚಟ. "ಯಾರ್ಗೂ ಹೆಚ್ಚು ಕಮ್ಮಿ ಬ್ಯಾಡ. ಎಲ್ಲ ತೂಬ್ನೂ ಎತ್‌ಬುಡಣ. ಎಲ್ಲರ್ಗೂ ಒಂದೇ ನ್ಯಾಯ" ಎಂದ. ಎಲ್ಲರೂ ತಲೆದೂಗಿದರು. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ಅಲ್ಲವಾ? ನೀರಿಗೆ ಆ ನ್ಯಾಯ ಯಾರು ಹೇಳಬೇಕು! ಮೊದಲ ಗದ್ದೆಗಳಲ್ಲಿ ಬದು ಒಡೆದು ಹರಿಯಿತು, ಕೊನೆಯ ತೂಬಿನ ಬಾಯಲ್ಲಿ ಕೆಸರೂ ಇರಲಿಲ್ಲ. ಅಲ್ಲಿ ಜಯಕ್ಕನ ಗದ್ದೆ. ನಾಟಿಗೆಂದು ಅವಳು ಬೆಳೆಸಿದ್ದ ಸಸಿಯ ಒಟ್ಲು ಅವಳ ಕಣ್ಣೆದುರೇ ಕೆಂಪಗೆ ಒಣಗಿಹೋಯಿತು. ನೀನಿದ್ದಷ್ಟು ಕಾಲ ಒಂದು ಸಲವೂ ಹಾಗಾಗಿರಲಿಲ್ಲ.

ಈ ವರ್ಷ ಮಳೆ ಶುರುವಾಗುವ ಮುಂಚೆ ಜಯಕ್ಕ ನಮ್ಮ ಮನೆಗೆ ಬಂದು ಹೊಸ್ತಿಲ ಹತ್ತಿರ ಕೂತಳು. "ಈ ವರ್ಸವೂ ನೀರ್ ಬರ್ನಿಲ್ಲ ಅಂದ್ರೆ ಗದ್ದೆ ಬೀಳ್ ಬುಟ್‌ಬುಡ್ತೀನಿ ಕಣವ್ವ. ನೆಲ್ಯಹುದಿಕೇರಿ ತಾವ ಕಾಫಿ ಎಸ್ಟೇಟಲ್ಲಿ ಕೂಲಿಯೋರ್ಗೆ ಲೈನ್ ಮನೆ ಕೊಡ್ತಾರಂತೆ. ಪಿಕ್ಕಿಂಗ್ ಮಾಡ್ಕಂಡ್ ಇರ್ತೀನಿ." ಅಳಲಿಲ್ಲ, ಬೈಯಲೂ ಇಲ್ಲ. ಅದೇ ನನಗೆ ಹೆದರಿಕೆಯಾದದ್ದು. ಬೈಯುವ ಜಯಕ್ಕನನ್ನು ನಾವೆಲ್ಲ ಬಲ್ಲೆವು, ಹೀಗೆ ಮೆತ್ತಗೆ ಮಾತಾಡುವ ಜಯಕ್ಕ ಎಂದರೆ ಆಗಲೇ ಅರ್ಧ ಹೊರಟುಹೋದ ಹಾಗೆ.

ಅದೇ ವಾರ ರಾಜಣ್ಣನೂ ಬಂದ. ಅವನಿಗೂ ಒಳಗೊಳಗೇ ಚುಚ್ಚುತ್ತಿತ್ತೆಂದು ಕಾಣುತ್ತದೆ. "ಸೈಲಾ, ನೀನು ನಿಂಗಣ್ಣನ್ ಮನೆ ಮಗಳು. ಯಾರ್ ಸರದಿ ಯಾವಾಗ ಅಂತ ಎಲ್ಲರ್ ಫೋನ್‌ಗೂ ಮೆಸೇಜ್ ಹೋಗಂಗೆ ಒಂದ್ ಮಾಡ್ಕೊಡವ್ವ" ಎಂದ. ಸರದಿ ಹೇಗಿರಬೇಕು ಎಂದು ದೊಡ್ಡಮ್ಮನನ್ನು ಕೇಳಿದೆ. ಅಷ್ಟು ವರ್ಷ ನಿನಗೆ ಬುತ್ತಿ ಹೊತ್ತು ಏರಿಗೆ ಹೋದವಳು, ಹಲಸಿನ ಬೀಜ ಬಿಡಿಸುತ್ತಲೇ ಹೇಳಿಕೊಂಡು ಹೋದಳು. ಊರಿನವರ ಫೋನ್ ನಂಬರುಗಳೆಲ್ಲ ನನ್ನ ಕೈಗೆ ಬಂದವು. ಒಂದು ನಂಬರು ಯಾರದೋ ಕಳ್ಳರ ಕೈಗೆ ಸಿಕ್ಕಿ ಮೋಸದ ಕರೆ ಶುರುವಾದರೂ ಸಾಕು, ಈ ಮೆಸೇಜೂ ಬೇಡ, ಸರದಿಯೂ ಬೇಡ ಎಂದು ಎಲ್ಲರೂ ಕೈಕೊಡವುತ್ತಾರೆ. ಮತ್ತೆ ಎಲ್ಲ ತೂಬೂ ಮೇಲೆ, ಜಯಕ್ಕನ ಗದ್ದೆ ಮತ್ತೆ...

ಆಗ ನಿನ್ನ ನಿದ್ದೆಯ ಪ್ರಶ್ನೆ ನೆನಪಾಯಿತು. ಹಳೆಯ ರನ್‌ಟೈಮ್ ಬಿಟ್ಟು ಡೀನೋ ಎಂಬ ಇನ್ನೊಂದನ್ನು ಹಾಕಿಕೊಂಡೆ. ಅದರ ಗುರುತು ಏನು ಗೊತ್ತಾ? ಸುರಿಯುವ ಮಳೆಯಲ್ಲಿ ಅಲುಗಾಡದೆ ನಿಂತ ಒಂದು ಡೈನೊಸಾರ್. ಯಾರ ನೆನಪಾಗಿರಬೇಕು ಹೇಳು! ಒಂದೇ ಸಾಲಿನ ಆಜ್ಞೆ ಕೊಟ್ಟರೆ ಬಂದು ಕೂರುತ್ತದೆ. ಟೈಪ್‌ಸ್ಕ್ರಿಪ್ಟಿನಲ್ಲಿ ಬರೆದದ್ದನ್ನು ಹಾಗೇ ಓಡಿಸುತ್ತದೆ, ನಡುವೆ ಬೇರೆ ತಯಾರಿ ಬೇಕಿಲ್ಲ. ಟೈಪ್‌ಸ್ಕ್ರಿಪ್ಟ್ ಅಂದರೆ ಯಾವುದು ಹೆಸರು, ಯಾವುದು ಸಂಖ್ಯೆ ಎಂದು ಮೊದಲೇ ಹೇಳಿಟ್ಟು ಬರೆಯುವ ಜಾವಾಸ್ಕ್ರಿಪ್ಟ್. ನಾನು ಗಂಟೆ ಬರೆಯಬೇಕಾದ ಜಾಗದಲ್ಲಿ ದೊಡ್ಡಮ್ಮ ಹೇಳಿದ್ದನ್ನೇ ಇಳಿಸಿ "ಹೊತ್ತು ಮುಳುಗೋಗಂಟ" ಎಂದು ಬರೆದುಬಿಟ್ಟಿದ್ದೆ. ಕೆಳಗೆ ಕೆಂಪು ಗೆರೆ ಎಳೆದು, ಇಲ್ಲಿ ಸಂಖ್ಯೆ ಬೇಕು ಎಂದಿತು. ನಮ್ಮೂರಿನವರಲ್ಲದೆ ಇಂಥ ತಪ್ಪು ಇನ್ಯಾರು ಮಾಡಿಯಾರು?

ಮೊದಲ ಸಲ ಓಡಿಸಿದ ಗಳಿಗೆಯನ್ನು ನಿನಗೆ ಹೇಳಲೇಬೇಕು. ಅದು ಓಡಲಿಲ್ಲ, ನಿಂತು ಕೇಳಿತು. ಈ ಪ್ರೋಗ್ರಾಮ್ ಇಂಥ ಫೈಲು ಓದಬೇಕಂತೆ, ಬಿಡಲಾ ಬೇಡವಾ? ಕಂಪ್ಯೂಟರ್ ನನ್ನದು, ಫೈಲು ನನ್ನದು, ಬರೆದವಳೂ ನಾನೇ. ನನ್ನನ್ನೇ ಕೇಳುತ್ತದಲ್ಲ ಎಂದು ಅಪ್ಪನ ಹಾಗೆಯೇ ರೇಗಿತು. ಮರುಕ್ಷಣವೇ ಒಬ್ಬಳೇ ಕೂತು ನಕ್ಕೆ. ಆಮೇಲೆ ಅಳುವೂ ಬಂತು ದೊಡ್ಡಪ್ಪ, ಸುಳ್ಳು ಯಾಕೆ ಹೇಳಲಿ. ಸಾವಿನ ಮನೆಯಲ್ಲೂ ಗಟ್ಟಿಯಾಗಿಯೇ ಇದ್ದವಳು, ಒಂದು ಪ್ರಶ್ನೆಗೆ ಕರಗಿಹೋದೆ.

ಅದರ ನಡವಳಿಕೆ ಪೂರ್ತಿ ನಿನ್ನದೇ. ಹೇಳದೆ ಇದ್ದದ್ದೆಲ್ಲ ಮುಚ್ಚಿರುತ್ತದೆ. ಫೈಲು ಓದುವುದಕ್ಕೆ ಬೇರೆ ಒಪ್ಪಿಗೆ, ಬರೆಯುವುದಕ್ಕೆ ಬೇರೆ, ಇಂಟರ್ನೆಟ್ಟಿಗೆ ಹೋಗುವುದಕ್ಕೆ ಬೇರೆ. ಅದರಲ್ಲೂ ಯಾವ ಫೈಲು, ಯಾವ ವಿಳಾಸ ಎಂದು ಹೆಸರು ಹಿಡಿದು ಹೇಳಬಹುದು. ಎಲ್ಲವನ್ನೂ ಒಟ್ಟಿಗೆ ತೆರೆಯುವ ಒಂದು ಅಕ್ಷರವೂ ಇದೆ. ನಾನು ಪಾಠ ನೋಡುತ್ತಿದ್ದ ವೀಡಿಯೊದಲ್ಲಿ ಒಬ್ಬ ಪುಣ್ಯಾತ್ಮ, ತಲೆನೋವು ಯಾಕೆ, ಅದನ್ನೇ ಹಾಕಿಬಿಡಿ ಎನ್ನುತ್ತಿದ್ದ. ರಾಜಣ್ಣನ ನೆಂಟನೇ ಇರಬೇಕು ಎಂದುಕೊಂಡು ವೀಡಿಯೊ ಮುಚ್ಚಿದೆ.

ಸಂಘದ ಸಭೆಯಲ್ಲಿ ಎಲ್ಲರೆದುರು ಓಡಿಸಿ ತೋರಿಸಬೇಕಾಗಿ ಬಂದ ದಿನ ನೀನು ಇರಬೇಕಿತ್ತು. ನಂಬರುಗಳ ಫೈಲು ಓದಲಾ ಎಂದು ಕೇಳಿತು, ಹೂಂ ಎಂದು ಒತ್ತಿದೆ. ಮೆಸೇಜ್ ಕಳಿಸುವ ಕಂಪನಿಯ ವಿಳಾಸಕ್ಕೆ ಹೋಗಲಾ ಎಂದಿತು, ಅದಕ್ಕೂ ಹೂಂ. ಆಮೇಲೆ ಮೂರನೆಯದೊಂದು ಬಂತು, ನಾನು ಕಂಡು ಕೇಳರಿಯದ ಯಾವುದೋ ವಿಳಾಸ. ವಾರದ ಹೆಸರನ್ನು ಅಂದವಾಗಿ ತೋರಿಸಲಿ ಎಂದು ಹಿಂದಿನ ದಿನ ಯಾರೋ ಬರೆದಿಟ್ಟ ತುಂಡೊಂದನ್ನು ಸೇರಿಸಿದ್ದೆ, ಅದು ಎಲ್ಲಿಗೋ ಹೋಗಬೇಕೆನ್ನುತ್ತಿತ್ತು. ಮಂಗಳವಾರ ಎಂದು ಬರೆದುಕೊಡುವುದಕ್ಕೆ ಊರು ಬಿಟ್ಟು ಯಾಕೆ ಹೋಗಬೇಕು? ಏನೂ ಕೇಡಿಲ್ಲದ ಕೆಲಸವೂ ಇರಬಹುದು, ಆದರೆ ಆ ಹೊತ್ತಿಗೆ ಎಲ್ಲರ ನಂಬರುಗಳೂ ಒಳಗೆ ಬಂದು ಕೂತಿದ್ದವು. ನಾನು ಕೀಲಿಯಿಂದ ಬೆರಳು ತೆಗೆದೆ.

"ಒತ್ತವ್ವ, ಒತ್ತು. ಎಲ್ಲಾಕೂ ಹೂಂ ಅಂದ್‌ಬುಡು, ಬಿರ್ರನೆ ಆಗ್ಲಿ" ಎಂದು ರಾಜಣ್ಣ ಅವಸರ ಮಾಡಿದ. ನಾನು ಬೇಡ ಎಂದು ಒತ್ತಿದೆ. ಪ್ರೋಗ್ರಾಮ್ ಅಲ್ಲೇ ನಿಂತಿತು, ಪರದೆಯ ತುಂಬ ಕೆಂಪಕ್ಷರ. ಹಿಂದಿನಿಂದ ಯಾರೋ "ಕೆಟ್ಟೋಯ್ತಾ?" ಎಂದರು. ಕೆಟ್ಟಿಲ್ಲ, ಬಾಗಿಲಲ್ಲೇ ತಡೆದು ನಿಲ್ಲಿಸಿದೆ ಎಂದು ಆದದ್ದನ್ನು ಇದ್ದ ಹಾಗೆ ಹೇಳಿದೆ. ರಾಜಣ್ಣ ತಲೆ ಕೆರೆದುಕೊಂಡ. "ಎಷ್ಟ್ ಕೇಳ್ತದಪ್ಪ ಇದು! ನಿಂಗಣ್ಣ ಸತ್ತೋದ ಅಂದ್ಕಂಡಿದ್ವಿ, ಬಂದ್ ಇದ್ರೊಳಿಕೆ ಸೇರ್ಕಂಡವ್ನೆ ನೋಡ್ರಪ್ಪ." ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ದೊಡ್ಡಮ್ಮ ಸೆರಗು ಬಾಯಿಗಿಟ್ಟುಕೊಂಡಳು, ನಗುವುದಕ್ಕೋ, ಇನ್ನೊಂದಕ್ಕೋ, ನಾನು ದಿಟ್ಟಿಸಿ ನೋಡಲಿಲ್ಲ.

ಜಯಕ್ಕ ಮಾತ್ರ ನಗಲಿಲ್ಲ. ಎದ್ದು ನಿಂತಳು. "ಕೇಳ್ಲಿ ಬುಡಿ. ಕೇಳೋರು ಇಲ್ದೆ ಅಲ್ವಾ ಹೋದ್ ವರ್ಸ ನನ್ ಒಟ್ಲು ಒಣಗಿದ್ದು?" ನಗು ಅಲ್ಲೇ ನಿಂತಿತು. ರಾಜಣ್ಣ, ಅವನ ಮೇಲೆ ನನಗೆ ಗೌರವ ಬಂದದ್ದು ಆಗಲೇ, "ಆಯ್ತು. ನಿಂಗಣ್ಣನ್ ಕಾಲ್ದಂಗೇಯ. ಒಂದೊಂದೇ ತೂಬು, ಕೇಳ್ಕಂಡು" ಎಂದ. ನಾನು ಮನೆಗೆ ಬಂದು ತಂದು ಸೇರಿಸಿದ್ದ ಆ ತುಂಡನ್ನು ಕಿತ್ತೆಸೆದೆ. ಏಳು ವಾರದ ಹೆಸರು ಬರೆಯಲು ನನಗೆ ಬೇರೆಯವರ ಹಂಗು ಬೇಕಿತ್ತಾ? ಈಗ ನನ್ನ ಪ್ರೋಗ್ರಾಮಿಗೆ ಒಪ್ಪಿಗೆ ಇರುವುದು ಒಂದು ಫೈಲು ಓದಲು, ಒಂದು ವಿಳಾಸಕ್ಕೆ ಹೋಗಲು. ಅಷ್ಟೆ. ಹೌದು ದೊಡ್ಡಪ್ಪ, ನಿದ್ದೆ ಈಗಲೂ ಬರುತ್ತದೆ, ಹೆದರಬೇಡ.

ಆದರೆ ಮೆಸೇಜು ತೂಬು ಎತ್ತುವುದಿಲ್ಲವಲ್ಲ. ಹಿಡಿ ಯಾರ ಕೈಗೆ ಎಂಬ ಮಾತು ಬಂದಾಗ ಗಂಡಸರೆಲ್ಲ ಹಿಂದೆ ಸರಿದರು. ಒಬ್ಬನಿಗೆ ಪುರುಸೊತ್ತಿಲ್ಲ, ಇನ್ನೊಬ್ಬನನ್ನು ಪಕ್ಕದ ಗದ್ದೆಯವನು ನಂಬುವುದಿಲ್ಲ. ಆಗ ಮಂಡಿ ಹಿಡಿದುಕೊಂಡು ಎದ್ದದ್ದು ಯಾರು ಗೊತ್ತಾ? "ಹಿಡಿ ನಮ್ಮನೇಲೇ ಅದೆ. ನಾನೇ ಎತ್ತೀನಿ, ನಾನೇ ಇಳಿಸ್ತೀನಿ" ಎಂದಳು ದೊಡ್ಡಮ್ಮ. ಬೇಡ ಅನ್ನುವ ಧೈರ್ಯ ಯಾರಿಗಿತ್ತು? ಮೊದಲ ವಾರವೇ ರಾಜಣ್ಣ ಅರ್ಧ ಗಂಟೆ ಹೆಚ್ಚಿಗೆ ಕೇಳಿ ಬೈಸಿಕೊಂಡ. ಬೈಸಿಕೊಂಡು ಬಂದು ನಮ್ಮ ಜಗಲಿಯಲ್ಲೇ ಕಾಫಿ ಕುಡಿದ.

ಮೊನ್ನೆ ಕೊನೆಯ ತೂಬಿನ ಸರದಿ. ಜಯಕ್ಕನ ಗದ್ದೆಯ ತುದಿಯ ಬದುವಿನವರೆಗೂ ನೀರು ಬಂದು ನಿಂತಿತು, ಇವತ್ತು ನಾಟಿ. ಎಸ್ಟೇಟಿನ ಮಾತು ಅವಳು ಎತ್ತಲೇ ಇಲ್ಲ. ಬೆಳಿಗ್ಗೆ ಮೊದಲ ಸಸಿಯ ಕಟ್ಟು ಹಿಡಿದು ಏರಿಯ ಮೇಲಿದ್ದ ದೊಡ್ಡಮ್ಮನನ್ನು ಕೂಗಿ ಕರೆದಳು. "ನೀರ್‌ಗಂಟವ್ವಾ, ನೀವೇ ಮೊದ್ಲು ನೆಡ್ಬೇಕು, ಬನ್ನಿ."

ನಿನ್ನ
ಶೈಲಾ