ಬುಟ್ಟಿ ಕೆಳಗಿನ ಹೆಜ್ಜಿ

ರಾಯವ್ವಾ,

ಹೊಳಿಯಿಂದ ಬಂದ ಕೂಡಲೇ ಇದನ್ನ ಓದು. ಬಟ್ಟಿ ಆಮ್ಯಾಲ ಹರವುವಂತಿ.

ದಡ್ಡಿ, ಹತ್ತರಗಿ ಎರಡೂ ಊರು ಸೇರಿ ಏಳು ಮನಿ ಹೊಕ್ಕ ಕಳ್ಳ ಇವತ್ತು ನಮ್ಮ ಮನಿಗೂ ಬಂದಿದ್ದ. ನೀ ಸಾರಿಸಿ ಹೋದ ನೆಲ ಇನ್ನೂ ಹಸಿ ಇತ್ತು. ಬಾಜೂ ಮನಿ ಶೆಟ್ಟೆವ್ವ ಚೀರಿದ್ದಕ್ಕ ಪೊಲೀಸರು ಓಡಿ ಬಂದ್ರು. ನೆಲುವಿನ್ಯಾಗಿನ ನಾಕ ರೊಟ್ಟಿ ಬಿಟ್ಟರ ಏನೂ ಹೋಗಿಲ್ಲ.

ಹಿಂದಿನ ಬಾಗಲಾ ಮತ್ತ ತೆರದ ಇತ್ತು. ಚಿಲಕ ಹಾಕು ಅಂತ ಎಂಟು ದಿನದಿಂದ ಹೇಳಿ ಹೇಳಿ ಬಾಯಿ ಬತ್ತೇತಿ. ಯಾರಿಗೆ ತೆರದಿಡತಿದ್ದಿ ಅಂತ ಈಗ ಕೇಳಂಗಿಲ್ಲ.

ಅಡಗಿ ಮನ್ಯಾಗ ಪೊಲೀಸರು ಬುಟ್ಟಿ ಡಬ್ಬ ಹಾಕಿ ಮುಚ್ಚಿದಲ್ಲಿ ಅವನ ಹೆಜ್ಜಿ ಮೂಡೇತಿ. ಹೆಜ್ಜಿ ನೋಡಿ ಗುರ್ತ ಹಿಡಿಯಾಂವನ್ನ ಜಮಾದಾರ ಮಧ್ಯಾಹ್ನ ಹುಕ್ಕೇರಿಯಿಂದ ಕರಕೊಂಡ ಬರ್ತಾನ. "ಅಲ್ಲೀತನಕ ಯಾರೂ ನೆಲ ಮುಟ್ಟಬ್ಯಾಡ್ರಿ" ಅಂದಾನ.

ಅವರು ಹೋದ ಮ್ಯಾಲ ಬುಟ್ಟಿ ಎತ್ತಿ ನೋಡಿದೆ. ಎರಡನೇ ಬೆರಳು ನೆಲಕ್ಕ ಹತ್ತಿಲ್ಲ, ಹೆಬ್ಬೆರಳ ಮ್ಯಾಲ ಏರೇತಿ. ಮದವಿ ದಿನ ಕಾಲುಂಗ್ರ ಹಾಕಾಕ ನಾ ಒದ್ದಾಡಿದ ನಿನ್ನ ಬೆರಳಿನಂಗ. ಅಂಥಾ ಕಾಲು ನಿಮ್ಮ ಮನ್ಯಾಗ ಇನ್ನ ಒಬ್ಬಂದ ಐತಿ, ಮೂರು ವರ್ಷದ ಹಿಂದ ಊರು ಬಿಟ್ಟ ನಿನ್ನ ತಮ್ಮ ಕೇದಾರಿದು.

ಜಮಾದಾರಗ ನಾ ಏನೂ ಹೇಳಿಲ್ಲ. ಓಡಿ ಹೋದ ಕಳ್ಳನ್ನ ಹುಡುಕಾಕ ಮನಿಗೊಬ್ಬ ಗಂಡಸು ಬರಬೇಕಂತ, ಹೊಂಟೇನಿ. ಅಂವ ನನ್ನ ಕಣ್ಣಿಗೇ ಬಿದ್ದರ ಏನ ಮಾಡ್ಲಿ ತಿಳೀವಲ್ದು.

ಅವರು ಬಂದಾಗ ಸೀರಿ ನಿನ್ನ ಕಾಲು ಮುಚ್ಚಿರಲಿ. ಏನ ಕೇಳಿದರೂ, ಹೊಳಿಗೆ ಹೋಗಿದ್ದೆ, ನನಗ ಯಾರೂ ಹೇಳಿಲ್ರಿ ಅನ್ನು. ಈ ಚೀಟಿ ಒಲ್ಯಾಗ ಹಾಕು.

ಹಿತ್ತಲದಾಗ ಬಕೀಟಿನ್ಯಾಗ ಸಗಣಿ ಕಲಸಿ ಇಟ್ಟೇನಿ.

ಉದ್ದಪ್ಪ