ಹೊಸ ಮೆಟ್ಟಿಲಿಗೆ ನೀರು ಬೇಡ

ಪೂಜ್ಯ ಮಾವನವರೇ,

ನೀವು ಇಗರ್ಜಿಯಿಂದ ಮರಳುವ ಮೊದಲೇ ರೆಬೆಕಾಳಿಗೆ ಹೆರಿಗೆನೋವು ಶುರುವಾಗಿದೆ; ಆಸ್ಪತ್ರೆಗೆ ಹೊರಟಿದ್ದೇವೆ. ತಾವು ಹಿಂದೆಯೇ ಬರಬೇಡಿ, ಬೇಡಿಕೊಳ್ಳುತ್ತೇನೆ. ನಿನ್ನೆ ನಾನು ಹಾಕಿದ ಕಾಂಕ್ರೀಟ್ ಮೆಟ್ಟಿಲನ್ನು ಕಾಯಿರಿ.

ಮಳೆಗಾಳಿಗೆ ಪ್ಲಾಸ್ಟಿಕ್ ಹಾಳೆ ಹಾರದಂತೆ ಇಟ್ಟಿಗೆ ಹೇರಿ. ಕತ್ತಲಾಗುವ ಮುನ್ನ ಮನೆಯ ಕಂಬಳಿಗಳನ್ನೆಲ್ಲ ಅದರ ಮೇಲೆ ಹೊದಿಸಿ.

ನೀರು ಮಾತ್ರ ಹನಿಯಷ್ಟೂ ಹಾಕಬೇಡಿ! "ನೀರು ಕುಡಿಯದೆ ಸಿಮೆಂಟು ಗಟ್ಟಿಯಾಗ್ತದಾ ಮಾರಾಯ?" ಎಂದು ಹೋದ ಸಲ ಮಂಗಳೂರಿನ ಕ್ರಮದಂತೆ ನೀರು ಕಟ್ಟಿ ನಿಲ್ಲಿಸಿದಿರಿ, ಜರ್ಮನಿಯ ಈ ಕೀಲ್ ಕಡಲತೀರದ ಚಳಿಗೆ ಅದು ಹೆಪ್ಪುಗಟ್ಟಿ ಮೆಟ್ಟಿಲೇ ಸಿಪ್ಪೆಯೆದ್ದಿತು. ಇದೂ ಕೆಟ್ಟರೆ ಮನೆ ಖಾಲಿ ಮಾಡಿಸುವೆನೆಂದು ಮನೆಯೊಡತಿ ಹೇಳಿಬಿಟ್ಟಿದ್ದಾರೆ. ರೆಬೆಕಾಳ ಕೆಲಸದ ಪರವಾನಗಿ ಬ್ಲೂ ಕಾರ್ಡ್ ತೋರಿಸಿದರೂ ಬೇರೆ ಮನೆ ಸಿಗದು.

ಊರೂರು ಅಲೆದ ನನಗೆ ಬೀದಿ ಹೊಸದಲ್ಲ. ಆದರೆ ಹಸುಗೂಸನ್ನು ಎತ್ತಿಕೊಂಡು ಯಾರ ಬಾಗಿಲಿಗೆ ಹೋಗಲಿ?

ಕೈ ಸುಮ್ಮನಿರದಿದ್ದರೆ ಜಪಸರ ಹಿಡಿಯಿರಿ, ನಲ್ಲಿ ಹಿಡಿಯಬೇಡಿ.

ನಿಮ್ಮ ಅಳಿಯ,
ವಿವಿಯನ್