ನಾಲ್ಕೂ ಸಮ, ಆಸಾಮಿ ಒಬ್ಬ

ಜಗಳೂರು
ಗುರುವಾರ, ಸಂಜೆ

ಪ್ರೀತಿಯ ತಮ್ಮ ಓಬಣ್ಣನಿಗೆ, ಹಾಗೂ ಅವನ ಸುತ್ತ ನೆರೆದಿರುವ ಹೊನ್ನಾಳಿ ಅಡಿಕೆ ಮಂಡಿಯ ಸಮಸ್ತ ಮಹಾಜನರಿಗೆ, ರಂಗನಟ ತಿಪ್ಪೇರುದ್ರಸ್ವಾಮಿಯ ನಮಸ್ಕಾರಗಳು. ನನ್ನ ಕಾಗದವನ್ನು ನೀನು ಗಟ್ಟಿಯಾಗಿ ಓದಿ ಮಂಡಿಯವರನ್ನು ನಗಿಸುತ್ತೀಯೆಂದು ಗೊತ್ತಿದ್ದೇ ಸಭೆಗೆ ಮೊದಲು ಕೈಮುಗಿದೆ. ನಿನ್ನ ಸಕ್ಕರೆ ಕಾಯಿಲೆ ಹೇಗಿದೆ? ನಿನ್ನ ಮನೆಯಾಕೆ ಕಸ್ತೂರಮ್ಮ ಅದೇ ಪಥ್ಯ ಮಾಡಿಸುತ್ತಿದ್ದಾಳೆಯೇ? ನನ್ನ ಕಂಠ ಗಟ್ಟಿಯಾಗಿದೆ. ಆದರೆ ನಾನೇ ಇಲ್ಲವಂತೆ.

ನಮ್ಮ ಕಲಾವಿದರ ಸಂಘದವರು ಸದಸ್ಯರ ಪಟ್ಟಿಯನ್ನು ಕಂಪ್ಯೂಟರಿಗೆ ತುಂಬಿ, ಎರಡೆರಡು ಸಲ ಸೇರಿಕೊಂಡವರನ್ನು ಹುಡುಕಿ ತೆಗೆ ಎಂದು ಅಪ್ಪಣೆ ಕೊಟ್ಟರು. ಆ ಮಹಾಮೇಧಾವಿ ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು, ಇಷ್ಟನ್ನು ಹೋಲಿಸಿ ನೋಡಿತು. ಅವಳಿಗಳಾದ ನಮ್ಮದು ನಾಲ್ಕೂ ಸಮ. ಇಬ್ಬರೂ ಒಬ್ಬನೇ ಎಂದು ತೀರ್ಪು ಕೊಟ್ಟು, ಸಂಘಕ್ಕೆ ಮೊದಲು ಸೇರಿದ ನಿನ್ನನ್ನು ಉಳಿಸಿಕೊಂಡು ನನ್ನನ್ನು ಅಳಿಸಿತು. ಬಣ್ಣ ತೊಳೆದುಕೊಂಡು ಮಂಡಿ ಸೇರಿದ ನೀನು, ಸನ್ಮಾನದ ಶಾಲಿನ ಆಸೆಗೆ ಸದಸ್ಯನಾದ ನೀನು, ಕಲಾವಿದ. ಮೊನ್ನೆಯವರೆಗೂ ಕಿರೀಟ ಹೊತ್ತ ನಾನು ನಿನ್ನ ನಕಲು. ಪಟ್ಟಿಯಲ್ಲಿಲ್ಲದವನಿಗೆ ಸಂಘದ ನಾಟಕದಲ್ಲಿ ಪಾತ್ರವಿಲ್ಲ. ಬರುವ ಅಮಾವಾಸ್ಯೆಯ ನಾಟಕದ ರಾಜನ ಪಾತ್ರ ಕೈತಪ್ಪುವುದರಲ್ಲಿದೆ.

ಸಂಘದ ಕಂಪ್ಯೂಟರ್ ನೋಡಿಕೊಳ್ಳುವ ಗಂಗೋತ್ರಿಯನ್ನು ಕೇಳಿದೆ: "ಹೆಸರು ಬ್ಯಾರೆ ಐತಲ್ಲವ್ವ, ನಿನ್ನ ಡಬ್ಬಿಗೆ ಕಣ್ಣಿಲ್ಲೇನು?"

"ಹೆಸ್ರು ಹೋಲಿಸಾಕೆ ಹೇಳಿಲ್ಲಜ್ಜ. ನೀವು ನಾಟಕದೋರು ಮನೆಗೊಂದು, ಸ್ಟೇಜಿಗೊಂದು ಹೆಸ್ರು ಇಟ್ಕಂಡಿರ್ತೀರಿ. ಅದನ್ನ ನಂಬಿದ್ರೆ ಒಬ್ಬೊಬ್ರೂ ಇಬ್ರಾಗ್ತೀರಿ."

"ಅವಳಿಗಳು ಹುಟ್ಟೋದು ಗೊತ್ತಿಲ್ಲೇನು ಅದಕ್ಕೆ?"

"ಅದಕ್ಕೊಂದು ಕಾಲಂ ಇಲ್ಲಜ್ಜ."

ನೋಡಿದೆಯಾ? ಹಿಂದೆ ನಾವಿಬ್ಬರೂ ಒಂದೇ ಪಾತ್ರ ಆಡುತ್ತಿದ್ದಾಗ, ಎಡಗಡೆಯ ಪರದೆಯಿಂದ ನಾನು ಒಳಹೋಗಿ, ಬಲಗಡೆಯಿಂದ ನೀನು ಈಚೆ ಬಂದಾಗ, ಒಬ್ಬನೇ ಎಂದು ನಂಬಿ ಜನ ಶಿಳ್ಳೆ ಹೊಡೆಯುತ್ತಿದ್ದರು. ಅವರಾದರೂ ಟಿಕೆಟು ಕೊಂಡು ಏಮಾರಿದವರು. ಈ ಡಬ್ಬಿ ನಾಟಕವನ್ನೇ ನೋಡದೆ ಏಮಾರಿದೆ. ಸಮವಾದದ್ದೆಲ್ಲ ಒಂದೇ ಅನ್ನುವ ಇದರ ಬುದ್ಧಿಗೆ ನಿನ್ನ ಮಂಡಿಯ ಅಡಿಕೆ ಮೂಟೆಗಳನ್ನು ತೋರಿಸಬೇಕು. ತೂಕ ಸಮವೆಂದು ಒಂದನ್ನು ಉಳಿಸಿ ಮಿಕ್ಕಿದ್ದನ್ನು ಬೀದಿಗೆಸೆದೀತು.

ಕಸ್ತೂರಮ್ಮನಿಗೆ ತುಂಬು ಮನಸ್ಸಿನ ಆಶೀರ್ವಾದ. ಮಿಕ್ಕಿದ್ದು ನಿನಗೆ.

ಇಂತಿ,
ಪಟ್ಟಿಯ ಪ್ರಕಾರ ನೀನೇ ಆಗಿರುವ ನಿನ್ನ ಅಣ್ಣ,
ತಿಪ್ಪೇರುದ್ರಸ್ವಾಮಿ

ಮರೆತಿದ್ದೆ: ಇಬ್ಬರೂ ಒಟ್ಟಿಗೆ ಬಂದು ಎದುರಿಗೆ ನಿಂತರೆ ಮಾತ್ರ ಇಬ್ಬರೆಂದು ಬರೆದುಕೊಳ್ಳುತ್ತಾಳಂತೆ ಗಂಗೋತ್ರಿ. ನಾನು ನಾನೆನ್ನಲು ನೀನು ಪಕ್ಕದಲ್ಲಿರಬೇಕಾದ ಗತಿ ಬಂತು. ಅಂಚೆಗೆ ಹಾಕಿದರೆ ನೀನು ಓದಿ, ನಕ್ಕು, ಸುಮ್ಮನಾಗುತ್ತೀಯ. ಆದ್ದರಿಂದ ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಈ ಕಾಗದವನ್ನು ನಾನೇ ತಂದು ನಿನ್ನ ಕೈಗಿಟ್ಟು, ನೀನು ಓದಿ ತಲೆ ಎತ್ತುವವರೆಗೂ ಎದುರಿಗೇ ನಿಂತಿದ್ದು, ನಿನ್ನ ರಟ್ಟೆ ಹಿಡಿದುಕೊಂಡೇ ವಾಪಸ್ ಬಸ್ ಹತ್ತುತ್ತೇನೆ.